ಕೈ ಎತ್ತಿದ ಕ್ಯಾಪ್ಟನ್

ಅವರ ಎಡಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೆ ಒಂದು ಕೂದಲೂ ಇರಲಿಲ್ಲ. ಬಲಗೈ ಎಲ್ಲರ ಕೈಯಂತೆಯೇ ಇತ್ತು. ಎಡಗೈ ಮಾತ್ರ ನುಣ್ಣಗೆ, ನಸುಗೆಂಪಾಗಿ, ಎಣ್ಣೆ ಸವರಿದ ಹಾಗೆ ಹೊಳೆಯುತ್ತಿತ್ತು. ಬೆರಳುಗಳ ನಡುವೆ ಒಂದು, ಅಂಗೈಯ ಬುಡದಲ್ಲಿ ಒಂದು, ಮುಂಗೈ ಮೇಲೊಂದು ಎಂದು ಬಿಸಿ ತಟ್ಟೆಗಳನ್ನು ಹೊತ್ತು ಅಡುಗೆಮನೆಯಿಂದ ಟೇಬಲ್ಲಿಗೆ ವರ್ಷಗಟ್ಟಲೆ ನಡೆದ ಕೈ ಅದು. ಕಂಪನಿ ಬಸ್ಸಿಗೆ ಕಾಯುತ್ತ ಸುಮ್ಮನೆ ನಿಂತಾಗಲೂ ಆ ಕೈ ತಾನಾಗಿ ಹೊಟ್ಟೆಯ ಮಟ್ಟಕ್ಕೆ ಮಡಚಿಕೊಳ್ಳುತ್ತಿತ್ತು. ಯಾರಾದರೂ ನಕ್ಕರೆ, "ಎಂತ ಮಾಡುದು, ಅದಕ್ಕೆ ಡ್ಯೂಟಿ ಮುಗಿದದ್ದು ಗೊತ್ತಾಗುದಿಲ್ಲ" ಅನ್ನುತ್ತಿದ್ದರು.

ದುಬೈಯ ದೇರಾದ ಒಂದು ಮಧ್ಯಮ ದರ್ಜೆಯ ಹೋಟೆಲಿನ ರೆಸ್ಟೋರೆಂಟಿನಲ್ಲಿ ಅವರು ಕ್ಯಾಪ್ಟನ್. ವೇಟರುಗಳಿಗೆ ಮೇಲಿನವರು, ಮ್ಯಾನೇಜರಿಗೆ ಕೆಳಗಿನವರು. ಊರು ಉಡುಪಿ ಕಡೆಯ ಶಿರ್ವ. ಮನೆಮಾತು ಕೊಂಕಣಿ, ಸ್ನೇಹಿತರ ಜೊತೆ ತುಳು, ನಾನಿರುವಾಗ ಕನ್ನಡ, ಗಿರಾಕಿಗಳ ಜೊತೆ ಅವರವರ ಭಾಷೆ. ನಾನು ಅಲ್ಲಿ ಕ್ಯಾಷಿಯರ್ ಆಗಿ ಸೇರಿದ ದಿನ ಅವರೇ ಬಂದು ಕೌಂಟರಿನ ಮುಂದೆ ನಿಂತರು.

"ಊರು?"

"ಮಂಡ್ಯ ಸಾರ್."

"ಒಳ್ಳೇದಾಯ್ತು, ಕನ್ನಡ ಮಾತಾಡ್ಲಿಕ್ಕೆ ಒಂದು ಜನ ಆಯ್ತು. ಕಾಂಟ್ರಾಕ್ಟಲ್ಲಿ ಬೇಸಿಕ್ ಎಷ್ಟು ಬರ್ದಿದ್ದಾರೆ?"

ನನಗೆ ಸಿಟ್ಟು ಬಂತು. ನಮ್ಮ ಕಡೆ ಮೊದಲ ಭೇಟಿಗೇ ಜಾತಿ ಕೇಳುವವರಿದ್ದಾರೆ, ಮಕ್ಕಳೆಷ್ಟು ಎಂದು ಕೇಳುವವರಿದ್ದಾರೆ. ಹೆಂಗಸಿನ ಸಂಬಳ ಕೇಳುವವರನ್ನು ನಾನು ನೋಡಿರಲಿಲ್ಲ. "ಎಲ್ಲಾ ಸೇರಿ ಸಾಕಾಗೋಷ್ಟು ಬತ್ತದೆ ಬುಡಿ ಸಾರ್" ಅಂದೆ.

"ಎಲ್ಲಾ ಸೇರಿ ಅಂದ್ರೆ ಗಾಳಿ" ಅಂದರು, ನಗದೆ. "ನಾನು ಕೇಳಿದ್ದು ಬೇಸಿಕ್. ನಾಳೆ ನೋಡಿ ಹೇಳಿ."

ಮನೆಗೆ ಹೋಗಿ ನೋಡಿದೆ. ಅಲ್ಲಿಯವರೆಗೆ ಅದನ್ನು ಬೇರೆಯಾಗಿ ನೋಡಿಯೇ ಇರಲಿಲ್ಲ. ಈ ದೇಶದಲ್ಲಿ ನಮ್ಮಂಥವರಿಗೆ ಇಷ್ಟಕ್ಕಿಂತ ಕಡಿಮೆ ಕೊಡಬಾರದು ಎನ್ನುವ ಕಾನೂನಿಲ್ಲ. ಕಾಂಟ್ರಾಕ್ಟಿನಲ್ಲಿ ಬರೆದದ್ದೇ ನಮಗೆ ಗೆರೆ. ಅದರೊಳಗೂ ಬೇಸಿಕ್ ಬೇರೆ, ಊಟ ವಸತಿಯ ಭತ್ಯೆ ಬೇರೆ. ಕೆಲಸ ಬಿಟ್ಟು ಹೋಗುವಾಗ ಕೊಡುವ ಗ್ರ್ಯಾಚುಟಿ ನಿಲ್ಲುವುದು ಬೇಸಿಕ್ ಮೇಲೆ. ಮೇಜಿನ ಮೇಲೆ ಗಿರಾಕಿ ಬಿಟ್ಟುಹೋಗುವ ಟಿಪ್ಸ್ ಮಾತ್ರ ಎಲ್ಲಿಯೂ ನಿಲ್ಲುವುದಿಲ್ಲ. ಇದನ್ನು ಅವರು ಒಮ್ಮೆ ನನಗೆ ಹೇಳಿದ್ದು ಹೀಗೆ: "ಟಿಪ್ಸಿಗೆ ರಜೆ ಇಲ್ಲ, ಜ್ವರ ಇಲ್ಲ, ಮುಪ್ಪು ಇಲ್ಲ ಮಾರಾಯ್ತಿ. ನೀವು ನಿಂತಷ್ಟು ಹೊತ್ತು ಅದೂ ನಿಲ್ತದೆ. ನೀವು ಕೂತ್ರೆ ಅದು ಎದ್ದು ಹೋಗ್ತದೆ."

ಹೀಗೆ ಹೇಳುತ್ತಿದ್ದವರೇ ಆ ಹೋಟೆಲಿನಲ್ಲಿ ಅತಿ ಹೆಚ್ಚು ಟಿಪ್ಸ್ ತರುತ್ತಿದ್ದವರು. ಅವರ ಕೈಯಿಂದಲೇ ಬಡಿಸಿಕೊಳ್ಳಬೇಕೆಂದು ಫೋನ್ ಮಾಡಿ ಬರುವ ಕುಟುಂಬಗಳಿದ್ದವು. ಅಜ್ಜಿಯೊಬ್ಬಳು ಕುಳಿತರೆ ಅವಳು ಕೇಳುವ ಮೊದಲೇ ಬಿಸಿನೀರು ಬರುತ್ತಿತ್ತು. ಮಗುವಿನ ದೋಸೆ ಮುರಿದು, ಆರಿಸಿ, ತಟ್ಟೆಯ ಅಂಚಿಗೆ ಜೋಡಿಸಿ ಬರುತ್ತಿತ್ತು. ಗಂಡಹೆಂಡತಿ ಜಗಳವಾಡುತ್ತಿರುವ ಟೇಬಲ್ಲಿಗೆ ಅವರು ಹೋಗುತ್ತಲೇ ಇರಲಿಲ್ಲ. ದೂರದಿಂದ ನೋಡುತ್ತಿದ್ದು, ಹೆಂಡತಿ ಕಣ್ಣೊರೆಸಿಕೊಂಡ ಮೇಲೆ ಮಾತ್ರ ಸಿಹಿ ಏನಾದರೂ ಬೇಕೇ ಎಂದು ಕೇಳುತ್ತಿದ್ದರು. "ಲೋಟ ಖಾಲಿ ಆದ ಮೇಲೆ ಕೇಳುವವ ವೇಟರ್. ಖಾಲಿ ಆಗುವ ಮೊದಲು ಕೇಳುವವ ಕ್ಯಾಪ್ಟನ್" ಎಂಬುದು ಹೊಸಬರಿಗೆ ಅವರ ಮೊದಲ ಪಾಠ.

ಟಿಪ್ಸ್ ವೇಟರುಗಳ ನಡುವೆ ಹಂಚಿಹೋಗುತ್ತಿತ್ತು. ಅಡುಗೆಮನೆಗೆ ಅದರಲ್ಲಿ ಪಾಲಿರಲಿಲ್ಲ. ಪಾತ್ರೆ ತೊಳೆಯುವ, ಬಾಂಗ್ಲಾದ ಸಿಲ್ಹೆಟ್‌ನ ಮುದುಕರೊಬ್ಬರಿಗೆ ಇವರು ತಮ್ಮ ಪಾಲಿನಿಂದ ಸದ್ದಿಲ್ಲದೆ ಸ್ವಲ್ಪ ಕೊಡುತ್ತಿದ್ದರು. ಯಾಕೆ ಎಂದು ಯಾರೋ ಕೇಳಿದಾಗ, "ತೊಳೆಯದ ತಟ್ಟೆಗೆ ಯಾರು ಟಿಪ್ಸ್ ಇಡ್ತಾರೆ?" ಅಂದಿದ್ದರು.

ನಮಗೆ ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ಸಂಜೆಯವರೆಗೆ ಬಿಡುವು. ಉಳಿದವರು ಸ್ಟಾಫ್ ರೂಮಿನಲ್ಲಿ ಕಾಲು ಚಾಚಿ ಮಲಗಿದರೆ ಅವರು ಹಿಂದಿನ ಮೆಟ್ಟಿಲ ಮೇಲೆ ಕುಳಿತು ಊರಿಗೆ ಫೋನ್ ಮಾಡುತ್ತಿದ್ದರು. ಹೆಂಡತಿ ಮಲ್ಲಿಗೆ ಬೆಳೆಯುತ್ತಿದ್ದರು. ಅವರ ಊರಿನ ಕಡೆ ಹೂವನ್ನು ಅಟ್ಟೆ, ಅಂದರೆ ಕಟ್ಟಿನ ಲೆಕ್ಕದಲ್ಲಿ ಮಾರುತ್ತಾರೆ. ಅಟ್ಟೆಗೆ ಇವತ್ತು ಇಷ್ಟು ಎಂದು ದಿನಾ ಒಂದು ದರ ಕಟ್ಟುತ್ತಾರೆ, ಬೆಳೆದವರೆಲ್ಲರಿಗೂ ಅದೇ ದರ. ಅವರ ಮೊದಲ ಪ್ರಶ್ನೆ ಯಾವಾಗಲೂ ಅದೇ: ಇವತ್ತು ಅಟ್ಟೆಗೆ ಎಷ್ಟು? ಒಮ್ಮೆ ಫೋನಿಟ್ಟು ನನ್ನ ಕಡೆ ತಿರುಗಿ, "ನೋಡಿ, ನಮ್ಮ ಮನೆಯ ಹೂಗಾದ್ರೂ ದಿನಾ ಒಂದು ರೇಟ್ ಅಂತ ಉಂಟು. ನನ್ಗೆ ಎಂತ ಉಂಟು? ಗಿರಾಕಿಯ ಮೂಡ್" ಅಂದರು.

ಮದುವೆಯಾದ ವರ್ಷವೇ ಬಂದವರು ಅವರು. ಹೆಂಡತಿಯ ಜೊತೆ ಬಾಳಿದ್ದೆಲ್ಲ ರಜೆಯಲ್ಲಿ. ಮಕ್ಕಳಾಗಲಿಲ್ಲ. ಆಕೆಯನ್ನು ಇಲ್ಲಿಗೆ ಕರೆಸಿಕೊಳ್ಳಬೇಕೆಂಬುದು ಒಂದೇ ಆಸೆ. ಆದರೆ ಹೆಂಡತಿಗೆ ವೀಸಾ ಮಾಡಿಸಬೇಕಾದರೆ ಕಾಂಟ್ರಾಕ್ಟಿನಲ್ಲಿ ಸಂಬಳ ಒಂದು ಮಟ್ಟ ಮುಟ್ಟಿರಬೇಕು. ಇವರದು ಮುಟ್ಟುತ್ತಿರಲಿಲ್ಲ. ಟಿಪ್ಸ್ ಸೇರಿಸಿದರೆ ಎರಡು ಸಂಸಾರ ಸಾಕುವಷ್ಟು ಬರುತ್ತಿತ್ತು. ವೀಸಾ ಕೊಡುವವರಿಗೆ ಟಿಪ್ಸ್ ಕಾಣುವುದಿಲ್ಲ. ವರ್ಷಕ್ಕೊಮ್ಮೆ ಮ್ಯಾನೇಜರನ್ನು ಕೇಳುತ್ತಿದ್ದರು. ಮ್ಯಾನೇಜರ್ ನಗುತ್ತಿದ್ದ. "ನಿಮಗೆ ಯಾಕೆ ಬೇಸಿಕ್, ಕ್ಯಾಪ್ಟನ್? ನಿಮ್ಮ ಕಿಸೆ ನಮ್ಮೆಲ್ಲರಿಗಿಂತ ಭಾರ."

ಅವರ ಜೊತೆಗಾರರೊಬ್ಬರ ಬಗ್ಗೆ ಹೇಳದಿದ್ದರೆ ಈ ಕಥೆ ಮುಂದೆ ಹೋಗುವುದಿಲ್ಲ. ಕುಂಬಳೆಯ ಬ್ಯಾರಿ, ಕರಾವಳಿಯ ಮುಸ್ಲಿಂ, ಹಿರಿಯ ವೇಟರ್. ಅಲ್ ಕೂಜ್‌ನ ಕಂಪನಿ ವಸತಿಯಲ್ಲಿ ಇಬ್ಬರದೂ ಒಂದೇ ಮಂಚ. ಕೆಳಗೆ ಅವರು, ಮೇಲೆ ಇವರು. ಕ್ಯಾಪ್ಟನ್ ಅವರನ್ನು "ಬ್ಯಾರಿ" ಅನ್ನುತ್ತಿದ್ದರು. ಅವರು ಇವರನ್ನು ಕರಾವಳಿಯಲ್ಲಿ ಕ್ರಿಶ್ಚಿಯನ್ನರನ್ನು ಕರೆಯುವಂತೆ "ಪೊರ್ಬುಗಳೇ" ಅನ್ನುತ್ತಿದ್ದರು, ಇವರ ಹೆಂಡತಿಯನ್ನು "ಬಾಯಮ್ಮ". ಉಪವಾಸದ ತಿಂಗಳಲ್ಲಿ ಸಂಜೆ ಮಸೀದಿಯ ಬಾಂಗ್ ಆಗುವ ಹೊತ್ತಿಗೆ ಸರ್ವಿಸ್ ಕೌಂಟರಿನ ಹಿಂದೆ ಖರ್ಜೂರ, ನೀರು ಇಟ್ಟು ಬ್ಯಾರಿಯ ಟೇಬಲ್ಲುಗಳನ್ನು ಕ್ಯಾಪ್ಟನ್ ನೋಡಿಕೊಳ್ಳುತ್ತಿದ್ದರು. ಕ್ರಿಸ್‌ಮಸ್ ಸಂಜೆಯ ಡ್ಯೂಟಿ ಪ್ರತಿ ವರ್ಷ ಬ್ಯಾರಿಯದು. ಬ್ಯಾರಿಗೆ ಮೂವರು ಹೆಣ್ಣುಮಕ್ಕಳು. ದೊಡ್ಡವಳು ಮಂಗಳೂರಿನಲ್ಲಿ ನರ್ಸಿಂಗ್ ಓದುತ್ತಿದ್ದಳು. ಊರಲ್ಲಿ ಕಟ್ಟಿಸುತ್ತಿದ್ದ ಮನೆ ಗೋಡೆ ಎದ್ದು ಮಾಡು, ಅಂದರೆ ಸೂರು, ಇಲ್ಲದೆ ನಿಂತಿತ್ತು.

ಇಬ್ಬರ ನಡುವೆ ಮೊದಲ ಸಲ ಮಾತು ಬಿಗಿಯಾದದ್ದು ಒಬ್ಬ ಗಿರಾಕಿಯಿಂದ. ವಾರಕ್ಕೆ ಎರಡು ಮೂರು ಸಲ ಊಟಕ್ಕೆ ಬರುವ ವ್ಯಾಪಾರಿ, ಹೋಗುವಾಗ ದೊಡ್ಡ ನೋಟು ಬಿಟ್ಟುಹೋಗುವವನು. ನಮ್ಮಲ್ಲಿ ನೇಪಾಳದ ಪೋಖರಾದ ಒಬ್ಬಳು ವೇಟರ್ ಇದ್ದಳು. ಅವಳೇ ಬಡಿಸಬೇಕು ಎಂದು ಕೇಳುತ್ತಿದ್ದ. ಒಂದು ಮಧ್ಯಾಹ್ನ ಅವಳು ನೀರು ಹಾಕುವಾಗ ಮಣಿಕಟ್ಟು ಹಿಡಿದು ಮಾತಾಡಿಸಿದ, ಬಿಡಲಿಲ್ಲ. ಅವಳು ನಗುತ್ತಲೇ ಕೈ ಬಿಡಿಸಿಕೊಂಡಳು. ಆ ನಗು ಕೌಂಟರಿನಲ್ಲಿ ಕುಳಿತ ನನಗೆ ಕಾಣುತ್ತಿತ್ತು. ಅದು ಮುಖದಲ್ಲಿ ಮಾತ್ರ ಇತ್ತು.

ಮುಂದಿನ ಸಲ ಅವನು ಬಂದಾಗ ಮೆನು ಹಿಡಿದು ಹೋದವರು ಕ್ಯಾಪ್ಟನ್.

"ಆ ಹುಡುಗಿ ಎಲ್ಲಿ?" ಅಂದ ಅವನು, ಹಿಂದಿಯಲ್ಲಿ.

"ಇವತ್ತಿನಿಂದ ಈ ಟೇಬಲ್ ನನ್ನದು ಸಾರ್."

"ನನಗೆ ಅವಳು ಬೇಕು."

"ಊಟ ಏನು ಬೇಕು ಹೇಳಿ ಸಾರ್. ಮೆನುವಿನಲ್ಲಿ ಇರುವುದನ್ನು ತರುತ್ತೇನೆ."

ಅವನು ಎದ್ದು ಹೋದ. ಮತ್ತೆ ಬರಲಿಲ್ಲ. ಬಿಡುವಿನಲ್ಲಿ ಬ್ಯಾರಿ ಅಂದರು, "ಪೊರ್ಬುಗಳೇ, ನೀವು ಮಾಡಿದ್ದು ತಪ್ಪಂತ ನಾನು ಹೇಳುದಿಲ್ಲ. ನನ್ಗೂ ಮೂರು ಹೆಣ್ಣುಮಕ್ಕಳುಂಟು. ಆದ್ರೆ ಆ ಟೇಬಲ್ ನಮ್ಮೆಲ್ಲರ ಅಕ್ಕಿ ಅಲ್ವಾ?"

"ಅಕ್ಕಿ ಅವನ ಕಿಸೆಯಲ್ಲಿ ಇರುವವರೆಗೆ ಅವನು ಕೈ ಹಿಡೀತಾನೆ ಬ್ಯಾರಿ. ಅಕ್ಕಿ ನಮ್ಮ ಕಾಂಟ್ರಾಕ್ಟಲ್ಲಿ ಇರ್ಬೇಕು."

"ಇರ್ಬೇಕು, ಇರ್ಬೇಕು. ಯಾರು ಇಡ್ತಾರೆ?"

ಪೋಖರಾದವಳು ನನ್ನ ಹತ್ತಿರ ಹೇಳಿದ್ದು ಇನ್ನೂ ಬೇರೆ. ಕ್ಯಾಪ್ಟನ್ ಒಳ್ಳೆಯವರು ದೀದಿ, ಆದರೆ ಈ ತಿಂಗಳು ಅಮ್ಮನಿಗೆ ಏನು ಹೇಳಲಿ, ಅಂದಿದ್ದಳು. ಅದನ್ನು ಅವರಿಗೆ ನಾನು ಹೇಳಲಿಲ್ಲ. ಅವರಿಗೆ ಗೊತ್ತಿತ್ತು ಅನ್ನಿಸುತ್ತದೆ. ಆಮೇಲೆ ಅವಳಿಗೆ ಒಳ್ಳೆಯ ಕುಟುಂಬದ ಟೇಬಲ್ಲುಗಳನ್ನೇ ಹುಡುಕಿ ಹುಡುಕಿ ಕೊಡುತ್ತಿದ್ದರು.

ಮುಂದಿನ ವರ್ಷ ಆ ಅಕ್ಕಿಯ ಪ್ರಶ್ನೆ ತಾನಾಗಿಯೇ ಬಂತು. ಅಬುಧಾಬಿಯ ಹೆಡ್ ಆಫೀಸಿನಿಂದ ಎಚ್‌ಆರ್ ಮೇಡಮ್ ಒಬ್ಬರು ಬಂದು ಮಧ್ಯಾಹ್ನದ ಬಿಡುವಿನಲ್ಲಿ ಎಲ್ಲರನ್ನೂ ಸ್ಟಾಫ್ ಊಟದ ಕೋಣೆಗೆ ಕರೆದರು. ಕಡಿಮೆ ಬೇಸಿಕ್‌ಗೆ ಹೊಸಬರು ಬರುತ್ತಿರಲಿಲ್ಲ, ಬಂದವರೂ ನಿಲ್ಲುತ್ತಿರಲಿಲ್ಲ. ಅದು ಕಂಪನಿಯ ತಲೆನೋವು. ಆದ್ದರಿಂದ ಪಾತ್ರೆ ತೊಳೆಯುವವರಿಂದ ಹಿಡಿದು ಕ್ಯಾಪ್ಟನ್‌ವರೆಗೆ ಎಲ್ಲರ ಬೇಸಿಕ್ ಏರಿಸುತ್ತಾರಂತೆ. ಇದಕ್ಕಿಂತ ಕೆಳಗೆ ಯಾರಿಗೂ ಇಲ್ಲ ಎಂದು ಒಂದು ಗೆರೆ ಹಾಕುತ್ತಾರಂತೆ. ಅದಕ್ಕೆ ಪ್ರತಿಯಾಗಿ ಟಿಪ್ಸ್ ಇನ್ನು ವೇಟರುಗಳ ಕೈಗೆ ಹೋಗುವುದಿಲ್ಲ, ಕಂಪನಿಗೆ ಹೋಗುತ್ತದೆ.

ಅಡುಗೆಮನೆಯವರ ಕಡೆ ಗುಸುಗುಸು ಸಂತೋಷ. ವೇಟರುಗಳು ಬೆರಳು ಮಡಚಿ ಲೆಕ್ಕ ಹಾಕತೊಡಗಿದರು.

ಕ್ಯಾಪ್ಟನ್ ಎದ್ದು ನಿಂತರು. ಟಿಪ್ಸ್ ಕೊಡುವ ಗಿರಾಕಿ ಕಂಪನಿಗೆಂದು ಕೊಡುವುದಿಲ್ಲ, ಬಡಿಸಿದವರಿಗೆ, ಬೇಯಿಸಿದವರಿಗೆ ಕೊಡುತ್ತಾನೆ, ಆದ್ದರಿಂದ ಅದು ಒಂದು ಪೆಟ್ಟಿಗೆಗೆ ಹೋಗಲಿ, ಎಲ್ಲರಿಗೂ ಸಮನಾಗಿ ಹಂಚಲಿ, ಕಂಪನಿ ಮುಟ್ಟಬಾರದು ಎಂದರು. ಮೇಡಮ್ ಹೊರಗೆ ಹೋಗಿ ಫೋನ್ ಮಾಡಿ ಬಂದು, ಆಗಬಹುದು ಅಂದರು. "ಆದರೆ ನಾನು ಯಾರನ್ನೂ ಒತ್ತಾಯಿಸುವುದಿಲ್ಲ. ಸರ್ವಿಸ್‌ನವರಲ್ಲಿ ಒಬ್ಬರೂ ಒಪ್ಪದಿದ್ದರೆ ಹಳೆಯ ಪದ್ಧತಿಯೇ ಇರಲಿ, ಒಬ್ಬರಾದರೂ ಒಪ್ಪಿದರೆ ಹೊಸದು. ಒಪ್ಪುವವರು ಕೈ ಎತ್ತಿ."

ಅಡುಗೆಮನೆಯ ಕೈಗಳೆಲ್ಲ ಮೇಲೆ ಹೋದವು. ನಾನೂ ಎತ್ತಿದೆ. ಆಗ ನನಗೆ ಮೂರು ತಿಂಗಳು. ಹೆರಿಗೆ ರಜೆಯ ಸಂಬಳ ಕಾಂಟ್ರಾಕ್ಟ್ ನೋಡಿ ಕೊಡುತ್ತಾರೆ ಎಂಬುದಷ್ಟೇ ನನ್ನ ತಲೆಯಲ್ಲಿತ್ತು. ವೇಟರುಗಳ ಸಾಲಿನಲ್ಲಿ ಒಂದು ಕೈಯೂ ಏಳಲಿಲ್ಲ. ಕ್ಯಾಪ್ಟನ್ ನಿಂತೇ ಇದ್ದರು. ಬ್ಯಾರಿ ಅವರ ಕಡೆ ತಿರುಗಿ, ಮೇಡಮ್‌ಗೆ ತಿಳಿಯಬಾರದೆಂದು ಕನ್ನಡದಲ್ಲಿ ಮಾತಾಡಿದರು.

"ಪೊರ್ಬುಗಳೇ, ಬೇಡ. ಚಳಿಗಾಲದಲ್ಲಿ ನಮ್ಗೆ ಟಿಪ್ಸಲ್ಲಿ ಎಷ್ಟು ಬರ್ತದೆ ನಿಮ್ಗೆ ಗೊತ್ತುಂಟು. ಈ ಬೇಸಿಕ್ ಅದರ ಹತ್ರ ಬರುದಿಲ್ಲ. ಮಗಳ ಫೀಸ್ ನಾನು ಎಲ್ಲಿಂದ ಕಟ್ಟುದು?"

"ಬೇಸಿಗೆಯಲ್ಲಿ ಎಷ್ಟು ಬರ್ತದೆ? ಅದನ್ನೂ ಹೇಳಿ. ಹೋದ ವರ್ಷ ನಿಮ್ಗೆ ಬೆನ್ನು ಹಿಡ್ದು ಮಲಗಿದ್ರಲ್ಲ, ಆಗ ಎಷ್ಟು ಬಂತು?"

"ಅದು ನಾನು ನೋಡ್ಕೊಳ್ತೇನೆ. ನೀವು ಸುಮ್ನೆ ಕೂತ್ಕೊಳ್ಳಿ. ಅಷ್ಟೇ ಕೇಳುದು."

"ನಾವು ಊರಿಗೆ ಹೋಗುವಾಗ ನಮ್ಮ ಕೈಗೆ ಕೊಡುದು ಬೇಸಿಕ್ ನೋಡಿ ಬ್ಯಾರಿ. ಅಷ್ಟು ವರ್ಷ ಓಡಿದ್ದಕ್ಕೆ ನಾಲ್ಕು ಕಾಸಾ? ಆ ಮುದುಕ ಒಳಗೆ ಪಾತ್ರೆ ತೊಳೀತಾನೆ, ಅವ್ನಿಗೆ ಏನು ಉಂಟು?"

ಬ್ಯಾರಿಯ ದನಿ ತಗ್ಗಿತು. "ನಿಜ ಹೇಳಿ. ಮುದುಕನಿಗಾ, ನಿಮ್ಮ ಬಾಯಮ್ಮನ ವೀಸಾಕ್ಕಾ?"

ಕ್ಯಾಪ್ಟನ್ ಕೊಟ್ಟದ್ದು ಮುಚ್ಚುಮರೆಯಿಲ್ಲದ ಉತ್ತರ. "ಎರಡಕ್ಕೂ" ಅಂದರು. ಕೈ ಎತ್ತಿದರು.

ಸ್ವಲ್ಪ ಹೊತ್ತಿನ ಮೇಲೆ ಪೋಖರಾದವಳ ಕೈಯೂ ಮೇಲೆ ಬಂತು. ಬೇರೆ ಯಾರದೂ ಬರಲಿಲ್ಲ. ಮೇಡಮ್‌ಗೆ ಅಷ್ಟೇ ಸಾಕಿತ್ತು.

ಹೊಸ ಕಾಂಟ್ರಾಕ್ಟ್ ಬಂತು. ಸಿಲ್ಹೆಟ್‌ನ ಮುದುಕರು ಅದನ್ನು ನನ್ನಿಂದ ಎರಡು ಸಲ ಓದಿಸಿಕೊಂಡು, ಮಡಚಿ ಬನಿಯನ್ ಒಳಗಿಟ್ಟುಕೊಂಡರು. ಆದರೆ ವೇಟರುಗಳು ಕ್ಯಾಪ್ಟನ್ ಜೊತೆ ಮಾತು ಬಿಟ್ಟರು. ಬಸ್ಸಿನಲ್ಲಿ ಅವರ ಪಕ್ಕದ ಸೀಟು ಖಾಲಿ ಇರುತ್ತಿತ್ತು. ಬ್ಯಾರಿ ಮಾತು ಬಿಡಲಿಲ್ಲ. ಅದಕ್ಕಿಂತ ಕಷ್ಟದ್ದು ಮಾಡಿದರು. "ಕ್ಯಾಪ್ಟನ್" ಎಂದು ಕರೆಯತೊಡಗಿದರು. ಅಷ್ಟು ವರ್ಷ ಒಮ್ಮೆಯೂ ಹಾಗೆ ಕರೆದವರಲ್ಲ.

ಬೇಸಿಗೆ ಬಂತು. ದುಬೈ ಖಾಲಿಯಾಗುವ ತಿಂಗಳುಗಳು. ಟೇಬಲ್ಲುಗಳು ಬಿಕೋ ಎನ್ನುತ್ತಿದ್ದವು. ಹೆಡ್ ಆಫೀಸು ಲೆಕ್ಕ ಹಾಕಿತು: ಈಗ ಒಬ್ಬೊಬ್ಬರ ಖರ್ಚೂ ಜಾಸ್ತಿ, ಅಷ್ಟು ಜನ ಬೇಕಾಗಿಲ್ಲ. ಇಬ್ಬರು ಹಿರಿಯ ವೇಟರುಗಳನ್ನು ಬಿಡುವುದಾಗಿ ಹೇಳಿತು. ಒಬ್ಬರು ಕುಂಬಳೆಯ ಬ್ಯಾರಿ.

ಕ್ಯಾಪ್ಟನ್ ಅಂದೇ ಅಬುಧಾಬಿಯ ಬಸ್ಸು ಹತ್ತಿದರು. ಮೇಡಮ್‌ರ ಮುಂದೆ ನಿಂತು, ಅವರನ್ನು ಇಟ್ಟುಕೊಳ್ಳಿ, ನನ್ನನ್ನು ಕಳಿಸಿ ಎಂದು ಕೇಳಿದರಂತೆ. ಮೇಡಮ್ ಮರ್ಯಾದೆಯಿಂದಲೇ ಮಾತಾಡಿದರಂತೆ. ಗಿರಾಕಿಗಳು ನಿಮಗಾಗಿ ಬರುತ್ತಾರೆ, ನಿಮ್ಮನ್ನು ಬಿಡಲಾಗುವುದಿಲ್ಲ; ಸಂಬಳ ಏರಿದರೆ ಜನ ಕಡಿಮೆಯಾಗುವುದು ಎಲ್ಲ ಕಡೆ ಇದ್ದದ್ದೇ, ಅಂದರಂತೆ. "ಕೈ ಎತ್ತಿ ಅಂದ ದಿನ ಅದನ್ನು ಹೇಳ್ಲಿಲ್ಲ ನೋಡಿ" ಎಂದು ನನ್ನ ಕೌಂಟರಿನ ಮುಂದೆ ನಿಂತು ಹೇಳಿದರು. ಅವರ ಮುಖ ಅಷ್ಟು ಬರಿದಾಗಿದ್ದುದನ್ನು ನಾನು ಅದೇ ಮೊದಲು ನೋಡಿದ್ದು.

ಬ್ಯಾರಿ ಹೊರಟ ಬೆಳಿಗ್ಗೆ ನಾನು, ನನ್ನ ಗಂಡ ಅಲ್ ಕೂಜ್‌ಗೆ ಹೋಗಿದ್ದೆವು. ನನ್ನ ಗಂಡನಿಗೆ ಅಲ್ಲೇ ಒಂದು ಗೋದಾಮಿನಲ್ಲಿ ಕೆಲಸ. ಬ್ಯಾರಿಯ ಸಾಮಾನು ಏರ್‌ಪೋರ್ಟಿಗೆ ಸಾಗಿಸಲು ಪಿಕಪ್ ತಂದಿದ್ದ. ಊರಿಗೆ ಹೋಗುವ ಯಾರದೇ ಪೆಟ್ಟಿಗೆ ಇರಲಿ, ಅದಕ್ಕೆ ಹಗ್ಗ ಬಿಗಿಯುವುದು ಕ್ಯಾಪ್ಟನ್ ಕೆಲಸ. ಅವರ ಗಂಟು ಕುಂಬಳೆಯವರೆಗೂ ಸಡಿಲವಾಗುವುದಿಲ್ಲ ಎಂದು ಬ್ಯಾರಿಯೇ ಹಿಂದೆ ಹೊಗಳಿದ್ದರು. ಆ ದಿನ ಕ್ಯಾಪ್ಟನ್ ಹಗ್ಗ ಹಿಡಿದು ಬಗ್ಗಿದರು. ಬ್ಯಾರಿ ಪೆಟ್ಟಿಗೆಯನ್ನು ತಮ್ಮ ಕಡೆಗೆ ಎಳೆದುಕೊಂಡರು.

"ಬೇಡ. ನಾನೇ ಕಟ್ತೇನೆ."

"ಬ್ಯಾರಿ, ನಾನು ಅಬುಧಾಬಿಗೆ ಹೋಗಿದ್ದೆ..."

"ಗೊತ್ತುಂಟು. ನೀವು ಒಳ್ಳೆಯವರು, ಅದರಲ್ಲಿ ಸಂಶಯ ಇಲ್ಲ." ಅವರು ಗಂಟು ಹಾಕುತ್ತಲೇ ಇದ್ದರು. "ನಿಮ್ಮ ಬಾಯಮ್ಮ ಬರ್ತಾರೆ. ನಾನು ಹೋಗ್ತೇನೆ. ನೀವು ಎತ್ತಿದ್ದು ಒಂದೇ ಕೈ, ಆದದ್ದು ಎರಡು ಕೆಲಸ."

ಕ್ಯಾಪ್ಟನ್ ಎದ್ದು ಪಕ್ಕಕ್ಕೆ ಸರಿದರು. ಪಿಕಪ್ ಹೊರಟಾಗ ಬ್ಯಾರಿ ನಮ್ಮೆಲ್ಲರಿಗೂ ಸಲಾಂ ಹೇಳಿದರು, ಅವರಿಗೂ ಹೇಳಿದರು, ಎಲ್ಲರಿಗೂ ಹೇಳಿದಷ್ಟೇ.

ಆಮೇಲೆ ಬ್ಯಾರಿಯ ಟೇಬಲ್ಲುಗಳೂ ಕ್ಯಾಪ್ಟನ್ ಪಾಲಿಗೆ ಬಂದವು. ಅವರ ಮಾತು ಕಡಿಮೆಯಾಯಿತು. ಹೊಸಬರಿಗೆ ಲೋಟದ ಪಾಠ ಹೇಳುವುದನ್ನೂ ನಿಲ್ಲಿಸಿದರು. ಬಿಡುವಿನಲ್ಲಿ ಮೆಟ್ಟಿಲ ಮೇಲೆ ಕುಳಿತು ಗುರುತಿನ ಹೋಟೆಲಿನವರಿಗೆಲ್ಲ ಫೋನ್ ಮಾಡಿ ಬ್ಯಾರಿಗಾಗಿ ಕೆಲಸ ಕೇಳುತ್ತಿದ್ದರು. ಅಬುಧಾಬಿಯಲ್ಲಿ ಒಂದು ಕಡೆ ಸಿಕ್ಕಿತು ಕೂಡ. ಮೆಸೇಜ್ ಕಳಿಸಿದರು. ಓದಿದ್ದಕ್ಕೆ ನೀಲಿ ಗುರುತು ಬಂತು; ಉತ್ತರ ಬರಲಿಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ.

ಚಳಿ ಶುರುವಾಗುವ ಹೊತ್ತಿಗೆ ಅವರ ಹೆಂಡತಿ ಬಂದರು. ಅಲ್ ಕುಸೈಸ್‌ನಲ್ಲಿ ನಾವಿದ್ದ ಫ್ಲ್ಯಾಟಿನಲ್ಲಿ ಒಂದು ರೂಮು ಖಾಲಿಯಾಗಿತ್ತು. ಒಂದು ರೂಮು ನಮಗೆ, ಒಂದು ಅವರಿಗೆ, ಅಡುಗೆಮನೆ ಇಬ್ಬರಿಗೂ. ನಾನು ಅವರನ್ನು ಅಕ್ಕ ಅನ್ನುತ್ತಿದ್ದೆ. ಗಟ್ಟಿ ಹೆಂಗಸು, ನಗು ಬೇಗ ಬರುತ್ತಿತ್ತು. ನಸುಕಿಗೇ ಎದ್ದು ಮೊಗ್ಗು ಕೊಯ್ದು ಅಭ್ಯಾಸವಾದ ಕೈ. ಇಲ್ಲಿ ಎದ್ದರೆ ಕೊಯ್ಯಲು ಏನೂ ಇಲ್ಲ. ಕಿಟಕಿಯಿಂದ ಮೆಟ್ರೋ ಹೋಗುವುದನ್ನು ನೋಡುತ್ತಿದ್ದರು. ಒಮ್ಮೆ ಬರ್ ದುಬೈಯ ಹೂವಿನಂಗಡಿಯಲ್ಲಿ ಊರಿನ ಮಲ್ಲಿಗೆ ಕಂಡು ಮೂಸಿ, "ಇದು ನಿನ್ನೆ ಕೊಯ್ದದ್ದು" ಎಂದು ಅಂಗಡಿಯವನ ಮುಂದೆಯೇ ಹೇಳಿಬಿಟ್ಟರು.

ಅಷ್ಟು ವರ್ಷದ ಗಂಡಹೆಂಡಿರು ಒಂದೇ ಕೋಣೆಯಲ್ಲಿ ಇರುವುದನ್ನು ಹೊಸದಾಗಿ ಕಲಿಯಬೇಕಾಯಿತು. ಕ್ಯಾಪ್ಟನ್‌ಗೆ ನಿಂತೇ ಉಣ್ಣುವ ಚಾಳಿ. ರಜೆಯ ದಿನ ಹೆಂಡತಿಗೆ ತಾವೇ ಬಡಿಸುತ್ತಿದ್ದರು, ಪಕ್ಕದಲ್ಲಿ ನಿಂತು, ಕೊಂಚ ಬಗ್ಗಿ. ಆಕೆ ಒಂದು ದಿನ ತಟ್ಟೆ ದೂಡಿ ಕೊಂಕಣಿಯಲ್ಲಿ ಗದರಿದರು. ಏನಂದಿರಿ ಎಂದು ನಾನು ಕೇಳಿದೆ. "ನಾನು ಎಂತ ನಿಮ್ಮ ಗಿರಾಕಿಯಾ, ಕೂತ್ಕೊಳ್ಳಿ ಅಂದೆ" ಎಂದರು ಅಕ್ಕ. ಅವರು ಕುಳಿತರು. ಇಬ್ಬರೂ ಮೀನು ಸಾರಿನಲ್ಲಿ ಊಟ ಮಾಡಿದರು. ಮಧ್ಯದಲ್ಲಿ ಅವರು ಎರಡು ಸಲ ಏಳಲು ಹೋದರು. ಆಕೆ ಎರಡು ಸಲವೂ ಅಂಗಿ ಹಿಡಿದು ಕೂರಿಸಿದರು.

ಅದೇ ತಿಂಗಳಲ್ಲಿ ನನಗೆ ಹೆಣ್ಣುಮಗು ಆಯಿತು. ಅಮ್ಮನಿಗೆ ಮಂಡ್ಯದಿಂದ ಬರಲಾಗಲಿಲ್ಲ. ಹೆರಿಗೆ ರಜೆಯಲ್ಲಿ ಹೊಸ ಬೇಸಿಕ್ಕಿನ ಲೆಕ್ಕದಲ್ಲೇ ಸಂಬಳ ಬಂತು. ಆಸ್ಪತ್ರೆಯಿಂದ ಬಂದ ಮರುದಿನವೇ ಅಕ್ಕ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಬಾತ್‌ರೂಮಿನ ನೆಲದ ಮೇಲೆ ಕಾಲು ಚಾಚಿ ಕುಳಿತು, ಮಗುವನ್ನು ಕಾಲ ಮೇಲೆ ಹಾಕಿಕೊಂಡು ಎರೆದರು. ಅಷ್ಟು ದಿನ ಕೆಲಸವಿಲ್ಲದೆ ಸೆರಗು ತಿರುವುತ್ತಿದ್ದ ಕೈಗಳು ಆ ದಿನ ತಮ್ಮ ಜಾಗ ಕಂಡುಕೊಂಡವು. ಕ್ಯಾಪ್ಟನ್ ಬಾಗಿಲಲ್ಲಿ ಟವೆಲ್ ಹಿಡಿದು ಕಾಯುತ್ತಿದ್ದರು. ಅವರು ಆ ದಿನಗಳಲ್ಲಿ ನಕ್ಕದ್ದನ್ನು ನಾನು ನೋಡಿದ್ದೇನೆ. ಆದರೆ ನಗುವಿನ ನಡುವೆ ಎದ್ದು ಹೋಗಿ ಫೋನ್ ನೋಡುತ್ತಿದ್ದುದನ್ನೂ ನೋಡಿದ್ದೇನೆ.

"ಇನ್ನೂ ಉತ್ತರ ಇಲ್ವಾ ಸಾರ್?" ಎಂದು ಒಮ್ಮೆ ಕೇಳಿದೆ.

"ಇಲ್ಲ. ಕೊಡ್ಬೇಕಂತ ಏನೂ ಇಲ್ಲ." ಮಗುವಿನ ಪಾದ ಒರೆಸುತ್ತ ಅಂದರು, "ಮಂಡ್ಯದವರೇ, ಈ ಸುಖ ನನ್ಗೆ ಬೇಕಿತ್ತು. ಅದಕ್ಕೆ ಕೈ ಎತ್ತಿದೆ. ಎಲ್ಲರಿಗೂ ಒಳ್ಳೇದು ಅಂತಲೂ ನಂಬಿದ್ದೆ, ಈಗಲೂ ನಂಬ್ತೇನೆ. ಆದ್ರೆ ಒಬ್ಬ ಮನುಷ್ಯನಿಗೆ ಆಗ್ಲಿಲ್ಲ. ಅವ್ನೇ ನನ್ನ ಮನುಷ್ಯ."

ಒಂದು ವರ್ಷ ಆ ಮನೆ ಹಾಗೆಯೇ ನಡೆಯಿತು. ಮಗು ನಡೆಯಲು ಕಲಿಯುವ ಹೊತ್ತಿಗೆ, ಒಂದು ರಜೆಯ ದಿನ, ಇಗರ್ಜಿಯಲ್ಲಿ ಪ್ರಾರ್ಥನೆ ಮುಗಿಸಿ ಬಂದು ಮೀನು ಹುರಿಯಲು ನಿಂತ ಕ್ಯಾಪ್ಟನ್ ಎದೆ ಹಿಡಿದುಕೊಂಡು ಅಡುಗೆಮನೆಯ ನೆಲದ ಮೇಲೆ ಕುಳಿತರು. ನನ್ನ ಗಂಡ ಆಂಬುಲೆನ್ಸ್ ಕರೆಸಿದ. ಆಸ್ಪತ್ರೆಯಲ್ಲಿ ಎರಡು ದಿನ ಇದ್ದರು. ಎರಡೂ ದಿನ ಅಕ್ಕ ಪಕ್ಕದಲ್ಲಿದ್ದರು. ಎರಡನೆಯ ದಿನ ಮಧ್ಯಾಹ್ನ ಪೋಖರಾದವಳು, ಸಿಲ್ಹೆಟ್‌ನ ಮುದುಕರು, ಮಾತು ಬಿಟ್ಟ ವೇಟರುಗಳಲ್ಲಿ ಕೆಲವರು ಬಂದು ಬಾಗಿಲ ಹೊರಗೆ ನಿಂತಿದ್ದರು. ನರ್ಸು ಇಬ್ಬಿಬ್ಬರನ್ನೇ ಒಳಗೆ ಬಿಟ್ಟಳು. ಮುದುಕರು ಒಳಗೆ ಹೋಗಿ ಅವರ ಪಾದ ಮುಟ್ಟಿ ಬಂದರು. ಸಂಜೆಯ ಹೊತ್ತಿಗೆ ಎಲ್ಲ ಮುಗಿಯಿತು.

ಅಕ್ಕ ಅಳಲಿಲ್ಲ. "ಊರಲ್ಲಿದ್ದಿದ್ರೆ ನನ್ಗೆ ಫೋನಲ್ಲಿ ಗೊತ್ತಾಗ್ತಿತ್ತು" ಅಂದರು. ಆ ಒಂದು ಮಾತಿನಲ್ಲಿ ಅವರ ಸಮಾಧಾನ ಇತ್ತೋ ಸಂಕಟ ಇತ್ತೋ ನನಗೆ ಇವತ್ತಿಗೂ ಬಿ‌ಡಿಸಲಾಗಿಲ್ಲ.

ಆ ಹೋಟೆಲನ್ನು ನಾನು ಬಿಟ್ಟು ಕೆಲ ಕಾಲವಾಯಿತು. ಈಗ ಮಿರ್ದಿಫ್‌ನ ಒಂದು ಕೆಫೆಯಲ್ಲಿ ಸೂಪರ್‌ವೈಸರ್. ಕೆಲಸ ಕೇಳಿಕೊಂಡು ಬರುವವರನ್ನು ಮೊದಲು ಮಾತಾಡಿಸುವವಳು ನಾನೇ. ಬೇಸಿಕ್ ಎಷ್ಟು ಎಂದು ಬಿಡಿಸಿ ಹೇಳದೆ ಯಾರ ಸಹಿಯನ್ನೂ ಹಾಕಿಸಿಲ್ಲ. ಏರಿಸಿ ಎಂದು ಮಾಲೀಕರಿಗೆ ಹೇಳುವಾಗ ಇನ್ನೊಂದನ್ನೂ ಕೇಳುತ್ತೇನೆ: ಏರಿಸಿದ ಮೇಲೆ ಯಾರನ್ನು ತೆಗೆಯುತ್ತೀರಿ, ಈಗಲೇ ಹೇಳಿ. ಮೊದಲನೆಯದನ್ನು ಕಲಿಸಿದವರು ಅವರು. ಎರಡನೆಯದನ್ನು ಕಲಿಸಿದ್ದು ಅವರಿಗಾದ ನೋವು. ನನ್ನ ಮಗಳ ಮೊದಲ ವರ್ಷವನ್ನು ಸಾಕಿದ ಕೈಗಳೂ ಆ ಮನೆಯವೇ. ಇದನ್ನೆಲ್ಲ ನಾನು ಯಾರಿಗೆ ತೀರಿಸಲಿ?

ಅವರನ್ನು ಶಿರ್ವಕ್ಕೆ ಕಳಿಸಿದೆವು. ಅಕ್ಕ ಅದೇ ವಿಮಾನದಲ್ಲಿ ಹೋದರು. ಮಣ್ಣು ಮಾಡಿದ ಕೆಲವು ದಿನಗಳ ಮೇಲೆ ಫೋನ್ ಮಾಡಿ, ಅಂದು ನಡೆದದ್ದನ್ನು ಹೇಳಿದರು. ಪೂಜೆ ನಡೆಯುವಾಗ ಇಗರ್ಜಿಯ ಹೊರಗೆ ಮರದ ಕೆಳಗೆ ಒಬ್ಬರು ನಿಂತಿದ್ದರಂತೆ. ಕುಂಬಳೆಯಿಂದ ಬಸ್ಸು ಬದಲಾಯಿಸಿಕೊಂಡು ಬಂದವರು. ಪೆಟ್ಟಿಗೆ ಹೊರಗೆ ಬಂದಾಗ ನೆಂಟರೊಬ್ಬರ ಭುಜ ತಟ್ಟಿ ಸರಿಸಿ, ತಾವು ಹೆಗಲು ಕೊಟ್ಟು, ಗುಂಡಿಯವರೆಗೂ ಬಿಡಲಿಲ್ಲವಂತೆ.

ಆಮೇಲೆ ಮನೆಗೂ ಬಂದರಂತೆ. ಜಗಲಿಯಲ್ಲಿ ಕುಳಿತು, ಅಕ್ಕ ಕೊಟ್ಟ ಚಾ ಕೈಯಲ್ಲಿ ಹಿಡಿದು, ತಲೆ ಎತ್ತದೆ ಹೇಳಿದರಂತೆ:

"ಬಾಯಮ್ಮ, ನಾನು ಸುಳ್ಳು ಹೇಳುದಿಲ್ಲ. ನನ್ನ ಸಿಟ್ಟು ಇನ್ನೂ ಹೋಗ್ಲಿಲ್ಲ. ಆದ್ರೆ ನಾನು ಬರುವಾಗ ಕಂಪನಿ ಕೊಟ್ಟದ್ದು ಹೊಸ ಬೇಸಿಕ್ ಲೆಕ್ಕದಲ್ಲಿ, ಅಷ್ಟೂ ವರ್ಷಕ್ಕೆ. ನನ್ನ ಮನೆಗೆ ಮಾಡು ಆದದ್ದು ಅದರಲ್ಲಿ. ಪೊರ್ಬುಗಳು ಹೇಳಿದ್ದು ಸರಿಯೇ ಇತ್ತು. ಇದನ್ನು ಅವರಿಗೆ ಫೋನಲ್ಲಿ ಹೇಳ್ಬೇಕಂತ ಎಷ್ಟು ಸಲ ಅಂದ್ಕೊಂಡೆ. ಸಿಟ್ಟು ಮುಗೀಲಿ, ಮತ್ತೆ ಹೇಳುವ ಅಂತ ಇದ್ದೆ."

ಚಾ ಆರಿಹೋಗಿತ್ತಂತೆ. ಬೇರೆ ತರುತ್ತೇನೆ ಎಂದು ಅಕ್ಕ ಕೈ ಚಾಚಿದರೂ ಕೊಡದೆ, ಅದನ್ನೇ ಪೂರ್ತಿ ಕುಡಿದರಂತೆ.